‘ಬೀಡಿ ಮಷೀನು’: ಮಾವನ ಹಳೇ 070 ಚೈನ್‌ಸಾ ಬಿಸಿಯಾದ ಮೇಲೆ ನಿಲ್ಲುತ್ತೆ, ಯಾಕೆ?

ಹೊಳಲ್ಕೆರೆ ಪೈಪಂಗಡಿ:

ಎಲ್ಲರಿಗೂ ನಮಸ್ಕಾರ. ಕಥೆ ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ಹೊಳಲ್ಕೆರೆಯಲ್ಲಿ ನನ್ನದು ಡ್ರಿಪ್ ಪೈಪಿನ ಅಂಗಡಿ. ಮರ ಕೊಯ್ಯೋದು ನನ್ನ ಕಸುಬಲ್ಲ. ಎರಡು ವರ್ಷದ ಹಿಂದೆ ಭೀಮಸಮುದ್ರದ ಹತ್ತಿರ ಇರುವ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಅಡಿಕೆ ಬೇಯಿಸೋ ಹಂಡೆ ಇಳಿಸಿಕೊಡು ಅಂತ ಅತ್ತೆ ನನ್ನನ್ನು ಅಟ್ಟ ಹತ್ತಿಸಿದರು. ಹಂಡೆ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟ ಏನೋ ಭಾರದ ಸಾಮಾನು. ಬಿಚ್ಚಿ ನೋಡಿದರೆ ಸ್ಟಿಲ್ ಕಂಪನಿಯ 070 ಚೈನ್‌ಸಾ, ಅಂದ್ರೆ ಪೆಟ್ರೋಲಲ್ಲಿ ಓಡೋ ಮರ ಕೊಯ್ಯೋ ಗರಗಸ. ಮರದ ಹೊಟ್ಟು, ಗ್ರೀಸು, ಇಲಿ ಹಿಕ್ಕೆ ಎಲ್ಲಾ ಸೇರಿ ಕಪ್ಪು ಅಂಟು ಹಿಡಿದಿತ್ತು. ಉಗುರಲ್ಲಿ ಕೆರೆದರೆ ಒಳಗಿಂದ ‘ವೆಸ್ಟ್ ಜರ್ಮನಿ’ ಅನ್ನೋ ಅಕ್ಷರ ಬಂತು. ಎರಡು ಜರ್ಮನಿ ಒಂದಾಗಿದ್ದು 1990ರ ಅಕ್ಟೋಬರ್‌ನಲ್ಲಿ. ಅಂದ್ರೆ ಮಷೀನು ಅದಕ್ಕಿಂತ ಹಳೇದು.

ಮಾವ ಒಂದು ಕಾಲದಲ್ಲಿ ನೀಲಗಿರಿ ತೋಪಿನ ಕಂಟ್ರಾಕ್ಟ್ ಹಿಡಿಯುತ್ತಿದ್ದರು. ಕೊಯ್ದ ಮರ ಲಾರಿಯಲ್ಲಿ ಹರಿಹರದ ಕಡೆ ಹೋಗುತ್ತಿತ್ತಂತೆ. ಈ ಮಷೀನಿಗೆ ಅವರ ಆಳುಗಳು ಇಟ್ಟ ಹೆಸರು ‘ಬೀಡಿ ಮಷೀನು’. ಯಾಕೆ ಅಂತ ಕೇಳಿದೆ. "ಹತ್ತು ನಿಮಿಷ ಕೊಯ್ಯುತ್ತೆ ಕಣೋ, ಆಮೇಲೆ ಒಂದು ಬೀಡಿ ಸೇದಿ ಮುಗಿಸೋವರೆಗೂ ಏಳಲ್ಲ" ಅಂದರು. ತಮಾಷೆ ಮಾಡ್ತಿದಾರೆ ಅಂದುಕೊಂಡೆ.

ತಮಾಷೆ ಅಲ್ಲ. ಆರು ತಿಂಗಳು ಭಾನುವಾರ ಭಾನುವಾರ ಕೂತು ರೆಡಿ ಮಾಡಿದೆ. ಪೆಟ್ರೋಲ್ ಪೈಪು ಕಡ್ಲೆಮಿಠಾಯಿ ಥರ ಪುಡಿಪುಡಿ ಆಗಿತ್ತು, ಬದಲಾಯಿಸಿದೆ. ಟಿಲ್ಲಟ್ಸನ್ ಕಾರ್ಬೊರೇಟರ್ ಬಿಚ್ಚಿ ಹೊಸ ಡಯಾಫ್ರಂ ಹಾಕಿದೆ. ಪ್ಲಗ್ಗು ಹೊಸದು. ಏಳನೇ ಸಲ ಹಗ್ಗ ಎಳೆದಾಗ ಸ್ಟಾರ್ಟ್ ಆಯಿತು. 106 ಸಿಸಿ ಸ್ವಾಮಿ! ಪಕ್ಕದ ಮನೆ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಹತ್ತು ನಿಮಿಷ ಸೊಗಸಾಗಿ ಓಡಿತು. ಆಮೇಲೆ ಎರಡು ಸಲ ಮಿಸ್ಸಿಂಗ್ ಹೊಡೆದು ನಿಂತೇ ಹೋಯಿತು. ಅರ್ಧ ಗಂಟೆ ಬಿಟ್ಟು ಎಳೆದರೆ ಮೊದಲನೇ ಎಳೆತಕ್ಕೇ ಸ್ಟಾರ್ಟ್. ಮತ್ತೆ ಹತ್ತು ನಿಮಿಷ. ಪ್ರತಿ ಸಲ ಇದೇ ಕಥೆ.

ಒಂದು ಗ್ಯಾರೇಜಿಗೆ ಕೊಟ್ಟೆ. ಹದಿನೈದು ದಿನ ಇಟ್ಟುಕೊಂಡು, ನಾನೇ ಹಾಕಿದ್ದ ಹೊಸ ಪ್ಲಗ್ಗು ತೆಗೆದು ಇನ್ನೊಂದು ಹೊಸ ಪ್ಲಗ್ಗು ಹಾಕಿ 1,800 ರೂಪಾಯಿ ತಗೊಂಡರು. ಆಮೇಲೆ ನಾನೇ ಕೈ ಹಾಕಿದೆ. ಮ್ಯಾಗ್ನೆಟ್ಟು (ಕಿಡಿಗೆ ಕರೆಂಟು ಹುಟ್ಟಿಸೋ, ಫ್ಯಾನಿನ ರೆಕ್ಕೆ ಇರೋ ಚಕ್ರ) ಬಿಚ್ಚೋಣ ಅಂತ ಸ್ಕ್ರೂಡ್ರೈವರ್ ಕೊಟ್ಟು ಸುತ್ತಿಗೆಯಲ್ಲಿ ಒಂದು ಏಟು ಹಾಕಿದೆ. ಫ್ಯಾನಿನ ಒಂದು ರೆಕ್ಕೆ ಟಣ್ ಅಂತ ಹಾರಿ ಕೊಟ್ಟಿಗೆಗೆ ಬಿತ್ತು. ಅಲ್ಲಿಗೇ ಕೈ ಬಿಟ್ಟೆ.

ಪ್ರಶ್ನೆಗಳು ಇಷ್ಟು. ಒಂದು, ಈ ಬಿಸಿ ರೋಗಕ್ಕೆ ಮೂಲ ಏನು? ಇನ್ನೊಂದು, ಬಾಡಿಯ ಕಪ್ಪು ಹೋಗೋಕೆ ಕಕ್ಕಸಿಗೆ ಹಾಕೋ ಆಸಿಡ್ ಹಚ್ಚಬಹುದಾ? ಆಮೇಲೆ, ಮನೆಯಲ್ಲಿ ಒಂದು 58 ಸಿಸಿ ಚೀನಾ ಮಷೀನೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓಡಿಸಿ ನೋಡಬೇಕು ಅಂತ ಆಸೆ. ಮೇ ತಿಂಗಳ ಗಾಳಿಮಳೆಗೆ ಮಾವನ ಹಿತ್ತಲ ಹುಣಸೆಮರ ಬಿದ್ದಿದೆ. ಅದನ್ನು ಈ ಮಷೀನಲ್ಲೇ ಕೊಯ್ಯಬೇಕು ಅನ್ನೋದು ನನ್ನ ಹಟ.

ಯೆಜ್ಡಿ ಮೇಷ್ಟ್ರು, ದಾವಣಗೆರೆ:

ಆಸಿಡ್ ಮಾತ್ರ ಮುಟ್ಟಬೇಡಿ! ಮೊದಲು ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ಈ ಮಷೀನುಗಳ ಬಾಡಿ ಮೆಗ್ನೀಸಿಯಂ. ಆ ಆಸಿಡ್ ಬಿದ್ದರೆ ಸೋಡಾ ಬಾಟ್ಲಿ ಒಡೆದಂಗೆ ನೊರೆ ಬರುತ್ತೆ, ಬಾಡಿ ಕರಗುತ್ತಾ ಹೋಗುತ್ತೆ. ಇದು ಹಿತ್ತಾಳೆ ಚೊಂಬಲ್ಲ, ಹುಳಿ ಹಚ್ಚಿ ತಿಕ್ಕೋಕೆ. ಸೀಮೆಎಣ್ಣೆ ಸಿಕ್ಕರೆ ಸರಿ, ಇಲ್ಲ ಅಂದ್ರೆ ಡೀಸೆಲ್. ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ತಿಕ್ಕಿ. ನಿಧಾನ ಆಗುತ್ತೆ, ಆಗಲಿ.

ಇನ್ನು ನಿಮ್ಮ ಬೀಡಿ ರೋಗ. ಟೂ ಸ್ಟ್ರೋಕ್ ಇಂಜಿನ್ ಬಿಸಿಯಾದ ಮೇಲೆ ನಿಂತರೆ ಕಾರಣ ಎರಡು ಕಡೆ ಇರುತ್ತೆ. ಪೆಟ್ರೋಲ್ ಬರ್ತಿಲ್ಲ, ಇಲ್ಲಾ ಕಿಡಿ ಬರ್ತಿಲ್ಲ. ನೀವು ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಗೊತ್ತಾಗಲ್ಲ, ಅಷ್ಟೊತ್ತಿಗೆ ಕಳ್ಳ ಓಡಿಹೋಗಿರುತ್ತಾನೆ. ನಿಂತ ಗಳಿಗೆಯಲ್ಲೇ ನೋಡಬೇಕು. ಪ್ಲಗ್ ಪಾನ ಜೇಬಲ್ಲಿಟ್ಟುಕೊಂಡೇ ಓಡಿಸಿ.

ನಿಂತ ತಕ್ಷಣ ಮೊದಲು ಪೆಟ್ರೋಲ್ ಮುಚ್ಚಳ ಸಡಿಲ ಮಾಡಿ. ಉಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ. ಟ್ಯಾಂಕಲ್ಲಿ ನಿರ್ವಾತ ಆಗಿ ಪೆಟ್ರೋಲ್ ಇಳೀತಿಲ್ಲ. ಒಂದು ಸೂಜಿಯಲ್ಲಿ ಹೋಗೋ ಕಾಯಿಲೆ ಅದು. ಗಾಳಿ ಎಳೆಯದಿದ್ದರೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಸಮಸ್ಯೆ. ಒದ್ದೆ ಇದ್ದರೆ ಕಿಡಿ ಸಮಸ್ಯೆ. ಒದ್ದೆ ಇದ್ದರೆ ಪ್ಲಗ್ಗನ್ನು ಒರೆಸಿ, ಕ್ಯಾಪಿಗೆ ಹಾಕಿ, ಸಿಲಿಂಡರಿಗೆ ತಾಗಿಸಿ ಹಗ್ಗ ಎಳೆದು ಕಿಡಿ ನೋಡಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಒಳಗಿಂದ ಪೆಟ್ರೋಲ್ ಆವಿ ಬರ್ತಿರುತ್ತೆ. ನೀಲಿ ಕಿಡಿ ಚಟ್ ಅಂದರೆ ಸರಿ. ಕಿತ್ತಳೆ ಬಣ್ಣದಲ್ಲಿ ಮಿಣಿಮಿಣಿ ಅಂದರೆ ಕಿಡಿ ಹುಟ್ಟಿಸೋ ಕಾಯಿಲ್ ಅಥವಾ ಅದರ ಜೊತೆಗಿರೋ ಕಂಡೆನ್ಸರ್ ಕೆಟ್ಟಿದೆ ಅಂತ.

ನನ್ನ ಊಹೆ ಕಂಡೆನ್ಸರ್. ನನ್ನ ಯೆಜ್ಡಿ ಬೈಕಲ್ಲೂ ಇದೇ ಆಗಿತ್ತು. ಶಾಲೆಗೆ ಹೋಗೋವಾಗ ಸರಿ, ಬಿಸಿಲಲ್ಲಿ ವಾಪಸ್ ಬರೋವಾಗ ಹದಡಿ ರಸ್ತೆಯಲ್ಲಿ ತಳ್ಳಾಟ. ಹಳೇ ಕಂಡೆನ್ಸರ್ ಒಳಗಿನ ಕಾಗದ ಬಿಸಿಯಾದಾಗ ಕರೆಂಟು ಸೋರಿಸುತ್ತೆ, ತಣ್ಣಗಾದಾಗ ಸಾಧು ಆಗುತ್ತೆ.

ಜಾಲಿಮುಳ್ಳು, ಚಳ್ಳಕೆರೆ:

ಅಣ್ಣಾ, ಬೇಜಾರು ಮಾಡ್ಕೋಬೇಡ. ನಾನು ಹನ್ನೆರಡು ವರ್ಷದಿಂದ ಬಳ್ಳಾರಿ ಜಾಲಿ ಕೊಯ್ದು ಇದ್ದಿಲು ಸುಡೋನು. ನಮಗೆ ಮಷೀನು ಅಂದ್ರೆ ಹೊಟ್ಟೆಪಾಡು, ನಿಮಗೆ ಅದು ಆಟಿಕೆ. ತಪ್ಪು ಅಂತಲ್ಲ, ಆದ್ರೆ ಎರಡು ಮಾತು ಹೇಳ್ತೀನಿ.

070ನಲ್ಲಿ ನಾನೂ ಎರಡು ವರ್ಷ ದುಡಿದಿದೀನಿ. ಬಾರು (ಚೈನು ಸುತ್ತೋ ಉದ್ದದ ಪಟ್ಟಿ), ಚೈನು ಬಿಟ್ಟೇ ಹತ್ತು ಕೆಜಿ ಮೇಲೆ ಬರುತ್ತೆ. ಜಾಲಿ ನೆಟ್ಟಗೆ ಬೆಳೆಯಲ್ಲ, ಬುಡದಲ್ಲಿ ಬಗ್ಗಿ, ಮುಳ್ಳಿನ ಮಧ್ಯೆ ಕೈ ತೂರಿಸಿ ಕೊಯ್ಯಬೇಕು. ಸೊಂಟ ಹೋಗುತ್ತೆ. ನಂದರಲ್ಲಿ ಹಿಡಿಗೆ ರಬ್ಬರ್ ಇರಲಿಲ್ಲ, ಇಂಜಿನ್ ನಡುಕ ಎಲ್ಲಾ ನೇರ ಮೂಳೆಗೆ. ಇವತ್ತಿಗೂ ಮಾಗಿಯ ಬೆಳಿಗ್ಗೆ ನನ್ನ ಬಲಗೈ ಎರಡು ಬೆರಳು ಬೆಳ್ಳಗಾಗಿ ಜೋಮು ಹಿಡಿಯುತ್ತೆ. ಡಾಕ್ಟ್ರು ಅದು ಮಷೀನಿನ ನಡುಕದಿಂದ ಬಂದಿದ್ದು ಅಂದ್ರು. ಆಮೇಲೆ ಚೈನ್ ಬ್ರೇಕು, ಮಷೀನು ಎಗರಿದರೆ ಚೈನು ತಕ್ಷಣ ನಿಲ್ಲಿಸೋದು. ಹಸ್ಕ್ವರ್ನಾ ಕಂಪನಿಯವರು 1973ರಲ್ಲೇ ಚೈನ್ ಬ್ರೇಕು ತಂದ್ರಂತೆ, ನನ್ನ 070ನಲ್ಲಿ ಅದೂ ಇರಲಿಲ್ಲ. ಬಾರಿನ ಮೂತಿಯ ಮೇಲಂಚು ಕೊಂಬೆಗೆ ತಾಗಿದರೆ ಮಷೀನು ಎಗರಿ ಮುಖಕ್ಕೇ ಬರುತ್ತೆ. 106 ಸಿಸಿ ಎಗರಿದರೆ ಹಿಡಿಯೋಕಾಗಲ್ಲ. ಹುಣಸೆಮರ ಕೊಯ್ಯೋ ದಿನ ಹೆಲ್ಮೆಟ್ ಹಾಕು, ಮೂತಿಯಿಂದ ಕೊಯ್ಯಬೇಡ, ಪಂಚೆ ಉಟ್ಟುಕೊಂಡು ಹೋಗಬೇಡ. ನಗಬೇಡ, ಪಂಚೆ ಚೈನಿಗೆ ಸಿಕ್ಕಿದ್ದು ನಾನು ನೋಡಿದೀನಿ.

ಹೋಲಿಕೆ ಮಾಡೋದಾದ್ರೆ ಎರಡೂ ಚೈನು ಒಬ್ಬನೇ ಮಸೆದಿರಬೇಕು. ಮೊಂಡು ಚೈನಿನ 070ಗಿಂತ ಮಸೆದ ಚೈನಿನ ಚೀನಾ ಮಷೀನೇ ಗೆಲ್ಲುತ್ತೆ. ಜನ ಮಷೀನು ಹೋಲಿಸ್ತೀವಿ ಅಂತ ಚೈನು ಹೋಲಿಸ್ತಾರೆ, ಅಷ್ಟೇ. 070ಗೆ .404 ಇಂಚು ಅಳತೆಯ ಕೊಂಡಿಯ ಚೈನು ಇದ್ರೆ ಐದೂವರೆ ಎಂಎಂ ಗುಂಡು ಅರ ಬೇಕು.

ಬಾರಿಗೆ ಸುಟ್ಟ ಆಯಿಲ್ ಹಾಕಬೇಡ. ಅದರಲ್ಲಿ ಲೋಹದ ಪುಡಿ ಇರುತ್ತೆ, ಕೈಮೈಗೆಲ್ಲಾ ಸಿಡಿಯುತ್ತೆ. ನಮ್ಮ ಕಡೆ ಹೊಂಗೆ ಎಣ್ಣೆ ಹಾಕ್ತೀವಿ, ಚೆನ್ನಾಗಿ ನಡೆಯುತ್ತೆ. ಆದ್ರೆ ಹಾಗೇ ತಿಂಗಳುಗಟ್ಟಲೆ ಬಿಟ್ರೆ ಗೋಂದು ಆಗುತ್ತೆ. ನೀನು ಭಾನುವಾರದ ಗಿರಾಕಿ, ನಿನಗೆ ಮಾಮೂಲಿ ಬಾರ್ ಆಯಿಲ್ಲೇ ಸರಿ.

ಹೊಳಲ್ಕೆರೆ ಪೈಪಂಗಡಿ:

ಮೇಷ್ಟ್ರೇ, ನೀವು ಹೇಳಿದಂಗೆ ಮಾಡಿದೆ. ಹನ್ನೊಂದನೇ ನಿಮಿಷಕ್ಕೆ ನಿಂತಿತು. ಮುಚ್ಚಳ ತೆಗೆದೆ, ಉಸ್ ಇಲ್ಲ ಬುಸ್ ಇಲ್ಲ. ಪ್ಲಗ್ ಒದ್ದೆ. ಬಿಚ್ಚೋವಾಗ ಬೆರಳು ಸುಟ್ಟುಕೊಂಡಿದ್ದು ಬೇರೆ. ಹಗಲು ಬೆಳಕಲ್ಲಿ ಕಿಡಿ ಕಾಣಲೇ ಇಲ್ಲ, ಅದಕ್ಕೆ ಮಷೀನನ್ನು ಅಡಿಕೆ ಗೋಡೌನಿನೊಳಗೆ ಹೊತ್ತುಕೊಂಡು ಹೋಗಿ ಬಾಗಿಲು ಹಾಕಿದೆ. ಕಿತ್ತಳೆ ಬಣ್ಣ. ಸಾಯೋ ಮಿಣುಕುಹುಳದಂಗೆ. ಒಂದು ಎಳೆತಕ್ಕೆ ಬರುತ್ತೆ, ಎರಡು ಎಳೆತಕ್ಕೆ ಬರಲ್ಲ. ತಣ್ಣಗಾದ ಮೇಲೆ ನೋಡಿದರೆ ನೀಲಿ, ಚಟ್ ಅನ್ನೋ ಸದ್ದು ಬಾಗಿಲವರೆಗೂ ಕೇಳುತ್ತೆ.

ಹಾಗಾದ್ರೆ ಕಂಡೆನ್ಸರ್ರೇ ಇರಬೇಕು. ಆದರೆ ಅದಿರೋದು ಮ್ಯಾಗ್ನೆಟ್ಟಿನ ಹಿಂದೆ. ಮ್ಯಾಗ್ನೆಟ್ಟು ಬಿಚ್ಚೋಕೆ ಈಗ ಧೈರ್ಯ ಇಲ್ಲ. ಒಂದು ರೆಕ್ಕೆ ಆಗಲೇ ಹೋಗಿದೆ.

ಜಾಲಿಮುಳ್ಳು ಅಣ್ಣ, ಪಂಚೆ ಮಾತು ಮನೆಯವಳಿಗೆ ಓದಿ ಹೇಳಿದೆ. ಹಳೇ ಜೀನ್ಸ್ ಪ್ಯಾಂಟು ಹುಡುಕಿಟ್ಟಿದ್ದಾಳೆ.

ಹರಿಹರದ ಟರ್ನರ್:

ತಮ್ಮಾ, ಸುತ್ತಿಗೆ ಕೆಳಗಿಡು.

ನಾನು ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವನು. 1941ರಲ್ಲಿ ಹರಿಹರದಲ್ಲಿ ಶುರುವಾದ ಕಾರ್ಖಾನೆ, ಲೇತ್ ಮಾಡುತ್ತಿದ್ದರು. ಈಗ ಮನೆ ಮುಂದಿನ ಶೆಡ್ಡಿನಲ್ಲಿ ಒಂದು ಚಿಕ್ಕ ಲೇತ್ ಇಟ್ಟುಕೊಂಡಿದ್ದೇನೆ. ಪಂಪಿನ ಬುಷ್, ಗಾಡಿ ಅಚ್ಚು, ಹಿಂಗೆ ಸಣ್ಣಪುಟ್ಟ ಕೆಲಸ. ಟೈಮ್ ಪಾಸಿಗೆ ಅಂತ ಮಗ ಹೇಳುತ್ತಾನೆ. ಅಂದ್ಕೊಳ್ಳಲಿ.

ಮ್ಯಾಗ್ನೆಟ್ಟು ಕೂತಿರೋದು ಇಳಿಜಾರು ಶಾಫ್ಟಿನ ಮೇಲೆ. ಒನಕೆಗೆ ಕಟ್ಟು ಹಾಕಿದಂಗೆ ಬಿಗಿಯಾಗಿ ಕೂತಿರುತ್ತೆ. ಮಧ್ಯೆ ಅರ್ಧಚಂದ್ರದ ಆಕಾರದ ಒಂದು ಕೀ ಇರುತ್ತೆ. ಅಂಚಿಗೆ ಹೊಡೆದರೆ ಬರಲ್ಲ, ರೆಕ್ಕೆ ಹಾರುತ್ತೆ, ಇಲ್ಲಾ ಶಾಫ್ಟು ಸೊಟ್ಟ ಆಗುತ್ತೆ. ಎಳೆಯಬೇಕು, ಹೊಡೆಯಬಾರದು.

ಮೊದಲು ನಟ್ಟು. ನಟ್ಟು ಬಿಚ್ಚೋವಾಗ ಇಂಜಿನ್ ತಿರುಗದಂಗೆ ಹಿಡಿಯೋಕೆ ಪ್ಲಗ್ ತೂತಿನಿಂದ ಒಂದು ಮೊಳ ನೈಲಾನ್ ಹಗ್ಗ ಒಳಗೆ ತುರುಕು. ಪಿಸ್ಟನ್ ಮೇಲೆ ಬಂದು ಹಗ್ಗಕ್ಕೆ ಒತ್ತಿ ನಿಲ್ಲುತ್ತೆ. ಒಂದು ಎಚ್ಚರ: ಪಿಸ್ಟನ್ ಸೈಲೆನ್ಸರ್ ಕಿಂಡಿ ದಾಟಿ ಮೇಲೆ ಬಂದ ಮೇಲೆ ಹಗ್ಗ ಹಾಕು. ಮೊದಲೇ ಹಾಕಿದರೆ ಹಗ್ಗ ಕಿಂಡಿಗೆ ಸಿಕ್ಕಿ ಕತ್ತರಿಸುತ್ತೆ, ರಿಂಗೂ ಮುರಿಯಬಹುದು. ಸ್ಕ್ರೂಡ್ರೈವರ್ ತುರುಕೋರೂ ಇದ್ದಾರೆ, ಅಂಥೋರ ಪಿಸ್ಟನ್ ತೂತು ಮುಚ್ಚೋಕೆ ನನ್ನ ಹತ್ತಿರ ಬರುತ್ತಾರೆ. ನಟ್ಟಿನ ನೂಲು ಎಡಗಡೆಯದಾ ಬಲಗಡೆಯದಾ ಅಂತ ಕಣ್ಣಲ್ಲಿ ನೋಡಿ ಆಮೇಲೆ ಪಾನ ಹಾಕು.

ಆಮೇಲೆ ಪುಲ್ಲರ್. ಮ್ಯಾಗ್ನೆಟ್ಟಿನ ಮಧ್ಯದಲ್ಲಿ ನೂಲಿರೋ ತೂತು ಇದ್ದರೆ ಅವುಗಳ ನಡುವಿನ ಅಳತೆ ತಂದುಕೊಡು. ಒಂದು ಪಟ್ಟಿಗೆ ತೂತು ಹಾಕಿ, ನಡುವೆ ಬೋಲ್ಟು ಕೊಟ್ಟು ಪುಲ್ಲರ್ ಮಾಡಿಕೊಡುತ್ತೇನೆ. ಬೋಲ್ಟು ಬಿಗಿ ಮಾಡುತ್ತಾ ಹೋಗು, ಕೊನೆಗೆ ಬೋಲ್ಟಿನ ತಲೆ ಮೇಲೆ ಸಣ್ಣದೊಂದು ಟಪ್. ಟಕ್ ಅಂತ ಬಿಟ್ಟುಕೊಳ್ಳುತ್ತೆ. ಆ ಸದ್ದು ಕೇಳಿದಾಗ ಖುಷಿ ಆಗುತ್ತೆ ನೋಡು.

ಒಳಗೆ ಸಿ.ಬಿ. ಪಾಯಿಂಟ್ ಇರುತ್ತೆ, ಕರೆಂಟು ಕತ್ತರಿಸಿ ಕಿಡಿ ಹುಟ್ಟಿಸೋ ಸಣ್ಣ ಸ್ವಿಚ್ಚು ಅದು. ಕಂಡೆನ್ಸರ್ ಕೆಟ್ಟಿದ್ದರೆ ಪಾಯಿಂಟಿನ ಮುಖ ಕಪ್ಪಾಗಿ ಗುಂಡಿ ಬಿದ್ದಿರುತ್ತೆ. ಸಣ್ಣ ಅರದಲ್ಲಿ ಹದ ಮಾಡಿ, ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜಿನಲ್ಲಿ 0.4 ಎಂಎಂ ಇಡು. ಯಾವಾಗ ತೆರೆಯುತ್ತೆ ಅಂತ ನೋಡೋಕೆ ಸಿಗರೇಟ್ ಪ್ಯಾಕಿನ ಹೊರಗಿನ ತೆಳು ಹಾಳೆ ಪಾಯಿಂಟಿನ ಮಧ್ಯೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಶಾಫ್ಟು ತಿರುಗಿಸು. ಹಾಳೆ ಜಾರಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ನಿಮ್ಮ ಮಾವನ ಬೀಡಿ ಎಲೆ ನಡೆಯಲ್ಲ, ದಪ್ಪ ಜಾಸ್ತಿ.

ಮ್ಯಾಗ್ನೆಟ್ಟು ಹೇಗೂ ಬಿಚ್ಚಿರುತ್ತೀಯ. ಅದರ ಹಿಂದಿನ ಆಯಿಲ್ ಸೀಲನ್ನೂ ಬದಲಾಯಿಸಿಬಿಡು. ಇಷ್ಟು ವರ್ಷದ ರಬ್ಬರು ಕಲ್ಲಾಗಿರುತ್ತೆ. ಟೂ ಸ್ಟ್ರೋಕಿನಲ್ಲಿ ಸೀಲ್ ಸೋರಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತೆ, ಪೆಟ್ರೋಲಿನ ಪಾಲು ಕಮ್ಮಿಯಾಗಿ ಇಂಜಿನ್ ತಾನೇ ರೇಸ್ ಆಗುತ್ತೆ, ಕೊನೆಗೆ ಸೀಜ್. ಸೀಲಿನ ಮೇಲೆ ಮೂರು ಅಂಕಿ ಬರೆದಿರುತ್ತೆ: ಒಳ ಅಳತೆ, ಹೊರ ಅಳತೆ, ದಪ್ಪ. ಯಾವ ಬೇರಿಂಗ್ ಅಂಗಡಿಯಲ್ಲಾದರೂ ಆ ಅಂಕಿ ಹೇಳಿದರೆ ಕೊಡುತ್ತಾರೆ. ಚೈನ್‌ಸಾದು ಅಂತ ಹೇಳಬೇಡ, ಹೇಳಿದರೆ ಇಲ್ಲ ಅನ್ನುತ್ತಾರೆ.

ಮುರಿದ ರೆಕ್ಕೆಗೆ ಎದುರಿನ ರೆಕ್ಕೆಯನ್ನೂ ಅಷ್ಟೇ ಕತ್ತರಿಸಿದರೆ ತೂಕ ಸರಿಹೋಗುತ್ತೆ. ನೋಡೋಕೆ ಚೆನ್ನಾಗಿರಲ್ಲ, ನಡುಕ ಇರಲ್ಲ. ಅದನ್ನು ನೀನು ಮಾಡಬೇಡ, ಇಲ್ಲಿಗೆ ತಾ.

ಯೆಜ್ಡಿ ಮೇಷ್ಟ್ರು, ದಾವಣಗೆರೆ:

ಯಜಮಾನ್ರು ಹೇಳಿದ ಮೇಲೆ ನನ್ನದೇನೂ ಉಳಿದಿಲ್ಲ. ಕಂಡೆನ್ಸರ್ ಸಿಗದಿದ್ದರೆ ಹಳೇ ಬೈಕಿನದೇ ಹಾಕಿ. ಮ್ಯಾಗ್ನೆಟ್ಟಿನ ಹಿಂದೆ ಜಾಗ ಸಾಲದಿದ್ದರೆ ಒಂದು ವೈರ್ ಎಳೆದು ಹೊರಗೆ, ಕವರಿನ ಒಳಬದಿಗೆ ಕೂರಿಸಿ. ಬಿಸಿಯಿಂದ ದೂರ ಇದ್ದಷ್ಟೂ ಒಳ್ಳೇದು.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಲ್ಲಿ ಸಿಗೋದು ಇ20. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಅದನ್ನು ಬಿಡುಗಡೆ ಮಾಡಿದರು. ನೂರಕ್ಕೆ 20 ಪಾಲು ಎಥೆನಾಲ್. ನಮ್ಮ ಹುಡುಗರಿಗೆ ಕ್ಲಾಸಲ್ಲಿ ತೋರಿಸಿದೆ: ಗಾಜಿನ ಬಾಟ್ಲಿಗೆ 100 ಎಂಎಲ್ ನೀರು ಹಾಕಿ ಗೆರೆ ಎಳೆದು, ಮೇಲೆ ಅರ್ಧ ಲೀಟರ್ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಇಟ್ಟೆವು. ಹತ್ತು ನಿಮಿಷಕ್ಕೆ ಕೆಳಗಿನ ನೀರಿನ ಮಟ್ಟ ಹೆಚ್ಚುಕಮ್ಮಿ 200ಕ್ಕೆ ಏರಿತ್ತು. ಪೆಟ್ರೋಲಿನಲ್ಲಿದ್ದ ಎಥೆನಾಲ್ ನೀರಿಗೆ ಇಳಿದುಬಿಡ್ತು. ಹಿಂದಿನ ಬೆಂಚಿನ ಒಬ್ಬ "ಸಾರ್, ಬಂಕಿನೋರು ನೀರು ಬೆರೆಸಿದ್ರಾ?" ಅಂತ ಕೇಳಿದ. ಇಲ್ಲಪ್ಪಾ, ಇದು ಕಾನೂನುಬದ್ಧ ಅಂದೆ.

ಹಳೇ ಮಷೀನಿನ ರಬ್ಬರ್, ಡಯಾಫ್ರಂ ಎಲ್ಲಾ ಎಥೆನಾಲ್ ಇಲ್ಲದ ಕಾಲದ್ದು. ಅದಕ್ಕೆ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದಿದ್ದನ್ನು ಓಡಿಸಿ ಒಣಗಿಸಿಯೇ ಇಡಿ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸ್ತಿದೀರಿ? ಹೊಸ ಡಬ್ಬಿ ಮೇಲೆ 50ಕ್ಕೆ 1 ಅಂತ ಇರುತ್ತೆ, ಲೀಟರಿಗೆ 20 ಎಂಎಲ್. ಹಳೇ ಪುಸ್ತಕಗಳಲ್ಲಿ ಮಾಮೂಲಿ ಟೂ ಟಿ ಆಯಿಲಿಗೆ 25ಕ್ಕೆ 1 ಅಂತ ಇತ್ತು, ಲೀಟರಿಗೆ 40. ನಾನಾದ್ರೆ ನಿಮ್ಮ 070ಗೆ 40 ಹಾಕ್ತೀನಿ. ಹೊಗೆ ಬರಲಿ ಬಿಡಿ, ಪಿಸ್ಟನ್ ಉಳಿಯಲಿ.

ನನ್ನ ಹತ್ತಿರ ಇರೋದು ಮೆಕಲಕ್ 10-10, 54 ಸಿಸಿ, ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಗುಜರಿಯಲ್ಲಿ ಸಿಕ್ಕಿದ್ದು. ನನ್ನದರಲ್ಲಿ ಚೈನಿಗೆ ಆಯಿಲ್ ತಾನಾಗಿ ಹೋಗಲ್ಲ, ಹೆಬ್ಬೆರಳಲ್ಲಿ ಬಟನ್ ಒತ್ತುತ್ತಾ ಇರಬೇಕು. ಒಳ್ಳೇ ಹಾರ್ಮೋನಿಯಂ ನುಡಿಸಿದಂಗೆ. ಈ ಕಂಪನಿ ಮಾಲೀಕ ರಾಬರ್ಟ್ ಮೆಕಲಕ್ ಕಥೆ ಗೊತ್ತಾ? 1949ರಲ್ಲಿ ಒಬ್ಬನೇ ಹಿಡಿಯಬಹುದಾದ 25 ಪೌಂಡಿನ ಚೈನ್‌ಸಾ ಮಾರುಕಟ್ಟೆಗೆ ಬಿಟ್ಟು ದುಡ್ಡು ಮಾಡಿದ. 1968ರಲ್ಲಿ ಲಂಡನ್ ಬ್ರಿಜ್ಜನ್ನೇ ಕೊಂಡುಕೊಂಡ! ಕಲ್ಲು ಕಲ್ಲಿಗೂ ನಂಬರ್ ಹಾಕಿ ಬಿಚ್ಚಿಸಿ ಅಮೆರಿಕದ ಅರಿಜೋನಾ ಮರಳುಗಾಡಿಗೆ ಸಾಗಿಸಿ ಮತ್ತೆ ಕಟ್ಟಿಸಿದ. ಬಿಚ್ಚಿ ಜೋಡಿಸೋ ಹುಚ್ಚು ನಮಗೊಬ್ಬರಿಗೇ ಅಲ್ಲ, ಸಮಾಧಾನ ಮಾಡಿಕೊಳ್ಳಿ.

ಜಾಲಿಮುಳ್ಳು ಅವರೇ, ನೀವು ಮಸೆಯೋ ಹಲ್ಲಿಗೂ ಒಂದು ಕಥೆ ಇದೆ. 1946ರಲ್ಲಿ ಜೋ ಕಾಕ್ಸ್ ಅನ್ನೋ ಮರ ಕಡಿಯೋ ಮನುಷ್ಯ ಕಾಡಿನಲ್ಲಿ ಒಂದು ಮರ ಕೊರೆಯೋ ಹುಳ ನೋಡಿದ. ಅದರ ದವಡೆ ‘ಸಿ’ ಆಕಾರ. ಎಡಕ್ಕೂ ಬಲಕ್ಕೂ ಕೆರೆಯುತ್ತಾ ಮರದೊಳಗೆ ಸಲೀಸಾಗಿ ಹೋಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿದ. ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಇರೋದು ಹಂಗೆ ಬಂದಿದ್ದು.

ಜಾಲಿಮುಳ್ಳು, ಚಳ್ಳಕೆರೆ:

ಹುಳನ ನೋಡಿ ಕಲಿತನಾ! ನಮ್ಮ ಕಡೆ ಆ ಥರದ ಹುಳ ತೆಂಗಿನ ಸುಳಿ ತಿಂದು ಹಾಳು ಮಾಡುತ್ತೆ, ನಾವು ಬೈತೀವಿ ಅಷ್ಟೇ.

ಪೈಪಂಗಡಿ ಅಣ್ಣಾ, ಹುಣಸೆ ಕೊಯ್ಯೋ ದಿನ ಹೇಳು. ನನ್ನ 50 ಸಿಸಿ ಹೊಸ ಮಷೀನು ತರ್ತೀನಿ. ಮೂರೂ ಚೈನು ನಾನೇ ಮಸೀತೀನಿ, ಆಮೇಲೆ ಜಗಳ ಬೇಡ.

ಹೊಳಲ್ಕೆರೆ ಪೈಪಂಗಡಿ:

ಒಂದೂವರೆ ತಿಂಗಳಾಯ್ತು, ಕ್ಷಮಿಸಿ. ಅಡಿಕೆ ಕೊಯ್ಲಿನ ಟೈಮು, ಅಂಗಡಿ ಬಿಟ್ಟು ಬರೋಕಾಗಲಿಲ್ಲ.

ಹರಿಹರಕ್ಕೆ ಹೋಗಿದ್ದೆ. ಯಜಮಾನ್ರು ಪುಲ್ಲರ್ ಮಾಡಿಕೊಟ್ಟರು, ದುಡ್ಡು ಬೇಡ ಅಂದರು, ಅರ್ಧ ಕೆಜಿ ಅಡಿಕೆ ಕೊಟ್ಟು ಬಂದೆ. ಆ ಟಕ್ ಸದ್ದು ನಾನೂ ಕೇಳಿದೆ. ಒಳಗೆ ನೋಡಿದರೆ ಪಾಯಿಂಟ್ ಮುಖ ಸುಟ್ಟ ರೊಟ್ಟಿ ಥರ ಕಪ್ಪು, ಒಂದು ಕಡೆ ಗುಬುಟು, ಇನ್ನೊಂದು ಕಡೆ ಗುಂಡಿ. ಮಧ್ಯೆ ಹಳದಿ ಬಣ್ಣದ ಒಂದು ಎಳೆ ಸಿಕ್ಕಿತ್ತು. ಮೂಸಿ ನೋಡಿದರೆ ಏನೂ ಗೊತ್ತಾಗಲಿಲ್ಲ, ಬೆರಳಲ್ಲಿ ತಿಕ್ಕಿದರೆ ಹೊಗೆಸೊಪ್ಪಿನ ನಾರು! ಎಷ್ಟೋ ವರ್ಷದ ಹಿಂದೆ ಯಾವನೋ ಇದನ್ನು ಬಿಚ್ಚಿ, ಬಾಯಲ್ಲಿ ಬೀಡಿ ಇಟ್ಟುಕೊಂಡು ಪಾಯಿಂಟ್ ಕೆರೆದು, ಹಾಗೇ ಮುಚ್ಚಿದ್ದಾನೆ. ಕಂಡೆನ್ಸರ್ ಮಾತ್ರ ಬದಲಾಯಿಸಿಲ್ಲ.

ಬೈಕಿನ ಕಂಡೆನ್ಸರ್ ಹೊರಗೆ ಕೂರಿಸಿದೆ. ಎರಡೂ ಕಡೆ ಸೀಲ್ ಹೊಸದು. ಬೇರಿಂಗ್ ಅಂಗಡಿಯಲ್ಲಿ ಬರೀ ಅಂಕಿ ಹೇಳಿದೆ, ಎರಡೇ ನಿಮಿಷದಲ್ಲಿ ಕೈಗೆ ಬಂತು. ಪೇಂಟ್ ಹೊಡೆಯಲಿಲ್ಲ. ಹಿಡಿಯ ಹತ್ತಿರ ಬಣ್ಣ ಸವೆದು ಲೋಹ ಕಾಣುತ್ತೆ, ಅಲ್ಲೇ ಮಾವನ ಆಳುಗಳ ಕೈ ಇದ್ದಿದ್ದು. ಅದನ್ನು ಕಿತ್ತಳೆ ಪೇಂಟಲ್ಲಿ ಮುಚ್ಚೋಕೆ ಮನಸ್ಸಾಗಲಿಲ್ಲ.

ಕಳೆದ ಭಾನುವಾರ ಹುಣಸೆ ಕೊಯ್ದೆವು. ಜಾಲಿಮುಳ್ಳು ಅಣ್ಣ ಚಳ್ಳಕೆರೆಯಿಂದ ಬೈಕಲ್ಲಿ ಬಂದರು, ಮಷೀನು ಹಿಂದೆ ಕಟ್ಟಿಕೊಂಡು. ಮೇಷ್ಟ್ರು ಮೆಕಲಕ್ ಜೊತೆಗೆ ಒಂದು ಚೀಲ ಮಂಡಕ್ಕಿ, ಮೆಣಸಿನಕಾಯಿ ತಂದಿದ್ದರು. ಚೈನು ಮಸೆದಿದ್ದು ಎಲ್ಲಾ ಒಂದೇ ಕೈ.

ಒಂದು ಗೇಣು ದಪ್ಪದ ಕೊಂಬೆಯಲ್ಲಿ ಶುರು ಮಾಡಿದೆವು. ಅಣ್ಣನ ಹೊಸ 50 ಸಿಸಿ 8 ಸೆಕೆಂಡ್. ನನ್ನ ಚೀನಾ 58 ಸಿಸಿ 11. 070ಗೆ 12 ಆಯ್ತು. ಮೆಕಲಕ್ 15, ಅದರಲ್ಲಿ ಮೇಷ್ಟ್ರು ಹಾರ್ಮೋನಿಯಂ ನುಡಿಸಿದ ಟೈಮೂ ಸೇರಿದೆ. ಅಣ್ಣ ನನ್ನ ಮುಖ ನೋಡಿ ನಕ್ಕರು. ಹೊಸ ಮಷೀನು ಕಿರ್ರ್ ಅಂತ ಒಂದೇ ಸಮ ಸುತ್ತುತ್ತೆ, 070 ಗುಡುಗುಡು ಅಂತ ನಿಧಾನಕ್ಕೆ ಅಗಿಯುತ್ತೆ. ಸಣ್ಣ ಕೊಂಬೆಯಲ್ಲಿ ಸುತ್ತು ಜಾಸ್ತಿ ಇರೋದೇ ಗೆಲ್ಲೋದು.

ಬುಡಕ್ಕೆ ಬಂದಾಗ ಲೆಕ್ಕ ತಿರುಗಿತು. 28 ಇಂಚು ದಪ್ಪ, ಒಳಗೆ ಕಾಫಿ ಬಣ್ಣದ ಚೇಗು. ಅಣ್ಣನ 18 ಇಂಚಿನ ಬಾರು ಒಂದು ಕಡೆಯಿಂದ ಸಾಲಲಿಲ್ಲ, ಎರಡೂ ಕಡೆಯಿಂದ ಕೊಯ್ಯಬೇಕಾಯ್ತು, ಮಧ್ಯೆ ಒಂದು ಸಲ ಸಿಕ್ಕಿಹಾಕಿಕೊಂಡಿತು. ಚೀನಾ ಮಷೀನು ಅರ್ಧಕ್ಕೆ ಬಂದು ಉಸಿರು ಬಿಟ್ಟಿತು. 070ಗೆ 30 ಇಂಚಿನ ಬಾರು ಹಾಕಿದ್ದೆ. ಮೇಲೆ ಇಟ್ಟೆ ಅಷ್ಟೇ, ಒತ್ತಲೇ ಇಲ್ಲ. ಅದರ ಭಾರಕ್ಕೇ ಇಳಿಯುತ್ತಾ ಹೋಯಿತು. ಪುಡಿ ಅಲ್ಲ, ಅವಲಕ್ಕಿ ಥರ ದಪ್ಪ ದಪ್ಪ ಚೂರು ಕಾಲ ಮೇಲೆ ಬೀಳ್ತಿತ್ತು. 2 ನಿಮಿಷ 40 ಸೆಕೆಂಡಿಗೆ ತುಂಡು ಬಿತ್ತು. ಅಣ್ಣ ಏನೂ ಮಾತಾಡಲಿಲ್ಲ, ಬಂದು ಮಷೀನಿನ ಮೇಲೆ ಒಂದು ಸಲ ಕೈ ಸವರಿದರು.

ಆದರೆ ಅವರು ಹೇಳಿದ್ದೇ ನಿಜ. ಮೂರು ತುಂಡು ಕೊಯ್ಯೋಷ್ಟರಲ್ಲಿ ನನ್ನ ಕೈ ನಡುಗಿ ಕಾಫಿ ಲೋಟ ಹಿಡಿಯೋಕಾಗಲಿಲ್ಲ. ದಿನಾ ಇದರಲ್ಲಿ ದುಡಿದವರನ್ನು ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ. ಕೊಯ್ದ ದುಂಡು ಹಲಗೆಗಳಲ್ಲಿ ಎರಡನ್ನು ಊರಿನ ಮಟನ್ ಅಂಗಡಿಯವರು ಕೊರಡಿಗೆ ಅಂತ ಅಲ್ಲೇ ಬುಕ್ ಮಾಡಿದರು. ಹುಣಸೆ ಕೊರಡಾದರೆ ಮಚ್ಚಿನ ಏಟಿಗೆ ಸಿಬಿರು ಏಳಲ್ಲವಂತೆ.

ಟ್ಯಾಂಕು ಖಾಲಿಯಾಗೋವರೆಗೂ ಮಷೀನು ಒಂದು ಸಲವೂ ನಿಲ್ಲಲಿಲ್ಲ. ಮಾವ ಬೆಳಿಗ್ಗೆಯಿಂದ ಕಟ್ಟೆ ಮೇಲೆ ಕೂತು ನೋಡ್ತಾ ಇದ್ದರು. ಹತ್ತನೇ ನಿಮಿಷಕ್ಕೆ ಸರಿಯಾಗಿ ಜೇಬಿಂದ ಬೀಡಿ ತೆಗೆದು ಬಾಯಿಗಿಟ್ಟು, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಕಾದರು. ಹದಿನೈದಾಯ್ತು, ಇಪ್ಪತ್ತಾಯ್ತು. ಕೊನೆಗೆ ಬೀಡಿ ವಾಪಸ್ ಕಟ್ಟಿಗೆ ಸೇರಿಸಿ, "ಕೆಡಿಸಿಬಿಟ್ಟೆಯಲ್ಲೋ ಅದನ್ನ" ಅಂದರು.